ಟ್ರ್ಯಾಕ್ಟರ್ ಟ್ಯಾಂಕಿಗೆ ಚಳಿಗಾಲದ ಅಡಿಟಿವ್ ಇಡೀ ಬಾಟಲಿ ಸುರಿದುಬಿಟ್ಟೆ, ಎಂಜಿನ್ ಹೋಯಿತಾ?

ಹೋಗಿಲ್ಲ. ರಾತ್ರಿ ನಿದ್ದೆ ಬಂದಿಲ್ಲ ಅಂತ ಬರೆದಿದ್ದೀರಿ, ಅದಕ್ಕೇ ಉತ್ತರವನ್ನು ಮೊದಲೇ ಹೇಳಿಬಿಟ್ಟೆ. ಆದರೆ ನಿಮ್ಮ ಪ್ರಶ್ನೆಯಲ್ಲಿ ನೀವು ಚಿಂತೆ ಮಾಡದೆ ದಾಟಿಹೋದ ಒಂದು ಸಾಲಿದೆ. ನನಗೆ ಚಿಂತೆ ಆಗಿರುವುದು ಅದರದ್ದು.

ಉಳಿದ ಓದುಗರಿಗಾಗಿ ವಿಷಯ ಇಷ್ಟು: ಇವರು ಅಮೆರಿಕದ ಮಿನೆಸೋಟದ ಹಳ್ಳಿಗಾಡಿನಲ್ಲಿ ಜಾಗ ತೆಗೆದುಕೊಂಡಿದ್ದಾರೆ. ಬೇಸಿಗೆಯಲ್ಲಿ ಹುಲ್ಲು ಕತ್ತರಿಸಲು, ಚಳಿಗಾಲದಲ್ಲಿ ಹಿಮ ತಳ್ಳಲು 25 ಅಶ್ವಶಕ್ತಿಗಿಂತ ಕಡಿಮೆಯ ಚಿಕ್ಕ ಡೀಸೆಲ್ ಟ್ರ್ಯಾಕ್ಟರ್ ಇದೆ. ಟ್ಯಾಂಕು 8 ಗ್ಯಾಲನ್. ಹೊರಗೆ ಮೈನಸ್ 10 ಡಿಗ್ರಿ ಸೆಲ್ಸಿಯಸ್ ಇದ್ದ ಬೆಳಿಗ್ಗೆ, ಡೀಸೆಲ್ ಚಳಿಗೆ ಗಟ್ಟಿಯಾಗದಿರಲಿ ಎಂದು ಬೆರೆಸುವ ಅಡಿಟಿವ್‌ನ, 100 ಗ್ಯಾಲನ್‌ಗೆ ಸಾಕಾಗುವ 32 ಔನ್ಸಿನ ಬಾಟಲಿಯನ್ನು ಪೂರ್ತಿ ಸುರಿದು, ಹತ್ತು ನಿಮಿಷ ಓಡಿಸಿದ್ದಾರೆ. ಬಿಳಿ ಹೊಗೆ ಬಂತು. ನೋಜಲ್‌ಗಳೆಲ್ಲ ಸುಟ್ಟುಹೋಗುತ್ತವೆ ಎಂದು ಪಕ್ಕದ ಜಮೀನಿನವರು ಹೆದರಿಸಿದ್ದಾರೆ. ಕೊನೆಯಲ್ಲಿ ಒಂದು ಮಾತು: 'ಟ್ಯಾಂಕಿನಲ್ಲಿದ್ದದ್ದು ಆಗಸ್ಟ್‌ನಲ್ಲಿ ತುಂಬಿಸಿದ ಡೀಸೆಲ್ಲೇ.'

ನನ್ನ ಕೆಲಸ ಡೀಸೆಲ್ ಫಿಲ್ಟರ್‌ಗಳದ್ದು. ಚಳಿಗಾಲದಲ್ಲಿ ಕಟ್ಟಿಕೊಂಡ ಫಿಲ್ಟರ್‌ಗಳನ್ನು ಕತ್ತರಿಸಿ ಒಳಗೆ ಏನು ಕೂತಿದೆ ಎಂದು ನೋಡುವುದು ಅದರ ಒಂದು ಭಾಗ. ಆ ಕಡೆಯಿಂದ ಹೇಳುತ್ತೇನೆ.

ಮೊದಲು ಲೆಕ್ಕ. 32 ಔನ್ಸ್ ಅಂದರೆ ಸುಮಾರು 946 ಮಿಲಿಲೀಟರ್, 100 ಗ್ಯಾಲನ್ ಅಂದರೆ 378 ಲೀಟರ್. ಒಂದಕ್ಕೆ ನಾನೂರರ ಪ್ರಮಾಣ. ನಿಮ್ಮ 30 ಲೀಟರ್ ಟ್ಯಾಂಕಿಗೆ 75 ಮಿಲಿಲೀಟರ್ ಸಾಕಿತ್ತು. ಹನ್ನೆರಡೂವರೆ ಪಟ್ಟು ಬಿದ್ದಿದೆ. ಕೇಳಲು ಭಯಂಕರ, ಆದರೆ ಶೇಕಡಾವಾರು ನೋಡಿದರೆ ಟ್ಯಾಂಕಿನಲ್ಲಿ ಈಗ ಇರುವುದು ಸುಮಾರು ಶೇ 3 ಅಡಿಟಿವ್, ಉಳಿದ ಶೇ 97 ಡೀಸೆಲ್ಲೇ. ಆ ಬಾಟಲಿಯಲ್ಲೂ ಹೆಚ್ಚಿನ ಪಾಲು ಸೀಮೆಎಣ್ಣೆ, ನಾಫ್ತಾ ಜಾತಿಯ ದ್ರಾವಕ. ಡೀಸೆಲ್ ಜೊತೆ ಉರಿದುಹೋಗುವಂಥದ್ದು. ನಿಮ್ಮದು 25 ಅಶ್ವಶಕ್ತಿಯ ಕೆಳಗಿನದು ಅಂದರೆ ಬಹುಮಟ್ಟಿಗೆ ಹಳೆಯ ಮಾದರಿಯ ಮೆಕ್ಯಾನಿಕಲ್ ಪಂಪು, ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಕೂಡ ಇರುವುದಿಲ್ಲ. ಅಮೆರಿಕದ ಹೊಗೆ ನಿಯಮ ಆ ಗೆರೆ ದಾಟಿದ ಕೂಡಲೇ ಬಿಗಿಯಾಗುವುದರಿಂದಲೇ ಅಂಗಡಿಗಳಲ್ಲಿ ಇಪ್ಪತ್ನಾಲ್ಕು ಚಿಲ್ಲರೆ ಅಶ್ವಶಕ್ತಿಯ ಟ್ರ್ಯಾಕ್ಟರ್‌ಗಳು ಅಷ್ಟೊಂದು ಕಾಣುವುದು. ಬಿಳಿ ಹೊಗೆ ಎಂದರೆ ತಣ್ಣಗಿನ ಎಂಜಿನ್‌ನಲ್ಲಿ ಪೂರ್ತಿ ಉರಿಯದೆ ಹೊರಬಂದ ಡೀಸೆಲ್. ಮೈನಸ್ ಹತ್ತರಲ್ಲಿ ಅಡಿಟಿವ್ ಹಾಕದಿದ್ದರೂ ಬರುತ್ತಿತ್ತು.

ಕಾಮನ್ ರೈಲ್ ಎಂಜಿನ್ (ಅತಿ ಹೆಚ್ಚು ಒತ್ತಡದಲ್ಲಿ ಡೀಸೆಲ್ ಸಿಂಪಡಿಸುವ ಹೊಸ ಮಾದರಿ) ಇರುವ ದೊಡ್ಡ ಟ್ರ್ಯಾಕ್ಟರ್ ಆಗಿದ್ದರೆ ನಾನು ಇಷ್ಟು ಸಲೀಸಾಗಿ ಬರೆಯುತ್ತಿರಲಿಲ್ಲ. ಅದರ ಇಂಜೆಕ್ಟರ್, ಅಂದರೆ ನೋಜಲ್, ಒಳಗಿನ ಸಂದುಗಳು ಕೆಲವೇ ಮೈಕ್ರಾನ್. ಅಡಿಟಿವ್‌ಗಳಲ್ಲಿ ಬೆರೆಸುವ ಕೆಲವು ಬಗೆಯ ಶುಚಿಕಾರಕಗಳು ಅತಿಯಾದಾಗ ಅಲ್ಲೇ ಅಂಟಾಗಿ ಕೂರುವುದುಂಟು. ಅಂಥವರು ಎಂಜಿನ್ ಮುಟ್ಟದೆ ಮೊದಲು ಟ್ಯಾಂಕ್ ಖಾಲಿ ಮಾಡುವುದೇ ಸರಿ.

ಈಗ ನಿಮ್ಮ ಇನ್ನೊಂದು ನಂಬಿಕೆಗೆ ಬರೋಣ: 'ಹೆಚ್ಚು ಬಿದ್ದಿದೆ, ಇನ್ನು ಎಷ್ಟು ಚಳಿ ಬಂದರೂ ಜೆಲ್ ಆಗಲ್ಲ ಅಲ್ವಾ?' ಇಲ್ಲ. ಹಾಗಾಗುವುದಿಲ್ಲ. ಜೆಲ್ ಆಗುವುದು ಎಂದರೆ ಚಳಿಗೆ ಡೀಸೆಲ್ ಗಟ್ಟಿಯಾಗುವುದು.

ಡೀಸೆಲ್‌ನಲ್ಲಿ ಹುಟ್ಟಿನಿಂದಲೇ ಪ್ಯಾರಾಫಿನ್ ಮೇಣ ಕರಗಿರುತ್ತದೆ. ಅದು ಉರಿಯಲು ಒಳ್ಳೆಯದೇ. ತಣ್ಣಗಾಗುತ್ತ ಹೋದಂತೆ ಒಂದು ಹಂತದಲ್ಲಿ ಮೇಣದ ಹರಳು ಕಾಣಿಸಿಕೊಂಡು ಡೀಸೆಲ್ ಮಬ್ಬಾಗುತ್ತದೆ. ಇದು ಕ್ಲೌಡ್ ಪಾಯಿಂಟ್. ನಂಬರ್ 2 ಡೀಸೆಲ್‌ಗೆ (ಅಮೆರಿಕದ ಬಂಕುಗಳ ಸಾಮಾನ್ಯ ದರ್ಜೆ) ಇದು ಶೂನ್ಯಕ್ಕಿಂತ ಕೆಲವೇ ಡಿಗ್ರಿ ಕೆಳಗೆ ಬರುತ್ತದೆ. ಇನ್ನೂ ಕೆಳಗಿಳಿದರೆ ಹರಳುಗಳು ಬೆಳೆದು ಫಿಲ್ಟರ್ ಮುಚ್ಚುತ್ತವೆ. ಪ್ರಯೋಗಾಲಯದಲ್ಲಿ ಇದನ್ನು ಅಳೆಯುವ ರೀತಿ ಸರಳ: ಡೀಸೆಲನ್ನು ಒಂದೊಂದೇ ಡಿಗ್ರಿ ತಣಿಸುತ್ತ, 45 ಮೈಕ್ರಾನಿನ ಜಾಲರಿಯಲ್ಲಿ 20 ಮಿಲಿಲೀಟರ್ ಎಳೆಯುತ್ತೇವೆ, 60 ಸೆಕೆಂಡಿನಲ್ಲಿ ದಾಟದಿದ್ದರೆ ಅದೇ ಫಿಲ್ಟರ್ ಕಟ್ಟುವ ಉಷ್ಣಾಂಶ. ಅದಕ್ಕೂ ಕೆಳಗೆ, ಡೀಸೆಲ್ ಹರಿಯುವುದನ್ನೇ ನಿಲ್ಲಿಸುವ ಹಂತದ ಅಂಚಿನಲ್ಲಿ, ಪೋರ್ ಪಾಯಿಂಟ್ ಇರುತ್ತದೆ.

ನೀವು ಸುರಿದ ಬಾಟಲಿ ಇವುಗಳಲ್ಲಿ ಮೊದಲನೆಯದನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಮೇಣ ಹುಟ್ಟುವ ಹೊತ್ತಿಗೇ ಹುಟ್ಟುತ್ತದೆ. ಬಾಟಲಿಯಲ್ಲಿರುವ ಪಾಲಿಮರ್ (ಎಥಿಲೀನ್ ವಿನೈಲ್ ಅಸಿಟೇಟ್ ಬಗೆಯದು ಬಹಳ ಸಾಮಾನ್ಯ) ಹುಟ್ಟುತ್ತಿರುವ ಹರಳಿಗೆ ಅಂಟಿಕೊಂಡು ಅದು ಅಗಲವಾದ ಹಾಳೆಯಾಗದಂತೆ, ಒಂದಕ್ಕೊಂದು ಹೆಣೆದುಕೊಳ್ಳದಂತೆ ತಡೆಯುತ್ತದೆ. ಪುಟ್ಟ ಹರಳುಗಳಾದರೆ ಅವುಗಳ ನಡುವೆ ಡೀಸೆಲ್ ನುಸುಳಿ ಹೋಗುತ್ತದೆ. ಇದಕ್ಕೆ ಬೇಕಾದ ಪಾಲಿಮರ್ ಅತಿ ಕಡಿಮೆ. ಅಷ್ಟು ಸಿಕ್ಕ ಮೇಲೆ ಇನ್ನೆಷ್ಟು ಸುರಿದರೂ ಲಾಭ ಏರುವುದಿಲ್ಲ. ಕೆಲವು ಡೀಸೆಲ್‌ಗಳಲ್ಲಿ ಅತಿಯಾದ ಪಾಲಿಮರ್ ತಾನೇ ಜಿಗುಟಾಗಿ ಫಿಲ್ಟರ್ ಕಟ್ಟುತ್ತದೆ. ಅಂದರೆ ಬಾಟಲಿ ಪೂರ್ತಿ ಸುರಿದು ಮೊದಲಿಗಿಂತ ಬೇಗ ಫಿಲ್ಟರ್ ಕಟ್ಟಿಸಿಕೊಳ್ಳುವ ಸಾಧ್ಯತೆ ನಿಜಕ್ಕೂ ಇದೆ. ಶುಚಿಕಾರಕದ ಅಂಶ ಹೆಚ್ಚಾದರೆ ಟ್ಯಾಂಕಿನ ತಳದ ಹಳೇ ಕೊಳೆಯೂ ಎದ್ದು ಫಿಲ್ಟರಿಗೆ ಬರುತ್ತದೆ, ನೀರು ಡೀಸೆಲ್‌ನಿಂದ ಸಲೀಸಾಗಿ ಬೇರೆಯಾಗುವುದಿಲ್ಲ.

ಇನ್ನೊಂದು ಮುಖ್ಯ ಸಂಗತಿ ಹೊತ್ತು. ಪಾಲಿಮರ್ ಕೆಲಸ ಮಾಡಬೇಕಾದರೆ ಹರಳು ಹುಟ್ಟುವ ಮೊದಲೇ ಡೀಸೆಲ್‌ನಲ್ಲಿ ಬೆರೆತಿರಬೇಕು. ಹುಟ್ಟಿ ಬೆಳೆದ ಹರಳನ್ನು ಅದು ಒಡೆಯುವುದಿಲ್ಲ. ನೀವು ಹಾಕಿದಾಗ ಮೈನಸ್ ಹತ್ತು, ಡೀಸೆಲ್ ಆಗಸ್ಟ್‌ನದ್ದು. ಮಿನೆಸೋಟದಲ್ಲಿ ಕಾನೂನಿನ ಪ್ರಕಾರ ಬೇಸಿಗೆಯ ತಿಂಗಳುಗಳಲ್ಲಿ ಬಂಕ್ ಡೀಸೆಲ್‌ಗೆ ಶೇ 20 ಬಯೋಡೀಸೆಲ್ ಬೆರೆಸುತ್ತಾರೆ, ಚಳಿಗಾಲದಲ್ಲಿ ಅದನ್ನು ಶೇ 5ಕ್ಕೆ ಇಳಿಸುತ್ತಾರೆ. ಯಾಕೆ ಇಳಿಸುತ್ತಾರೆಂದರೆ ಸೋಯಾ ಎಣ್ಣೆಯ ಬಯೋಡೀಸೆಲ್ ಶೂನ್ಯ ಡಿಗ್ರಿಯ ಆಸುಪಾಸಿನಲ್ಲೇ ಮಬ್ಬಾಗಲು ಶುರು. ನಿಮ್ಮ ಟ್ಯಾಂಕಿನಲ್ಲಿ ಅಡಿಟಿವ್ ಬೀಳುವ ಮೊದಲೇ ಹರಳು ಹುಟ್ಟಿರಬಹುದು. ಅದರ ಮೇಲೆ ತಣ್ಣಗಿನ ದಪ್ಪ ದ್ರವ ಸುರಿದಾಗ ಅದು ಸರಿಯಾಗಿ ಬೆರೆಯದೆ ತಳಕ್ಕೂ ಇಳಿದಿರಬಹುದು, ಪೈಪು ಎಳೆಯುವುದು ತಳದಿಂದಲೇ. ಹತ್ತು ನಿಮಿಷ ಓಡಿತು ಎನ್ನುವುದು ಸಮಾಧಾನವೇ ಸರಿ, ಆದರೆ ಮೈನಸ್ ಇಪ್ಪತ್ತೈದಕ್ಕೆ ಅದು ಸಾಕ್ಷಿಯಲ್ಲ. 2019ರ ಜನವರಿ ಕೊನೆಯಲ್ಲಿ ಮಿನಿಯಾಪೊಲಿಸ್‌ನಲ್ಲೇ ಮೈನಸ್ 33 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು ಎಂಬುದು ನೆನಪಿರಲಿ.

ಹಾಗಾಗಿ ತೆಗೆಯಬೇಕಾದದ್ದು ಹೆಚ್ಚಾದ ಅಡಿಟಿವ್ ಅಲ್ಲ, ಆ ಆಗಸ್ಟ್ ಡೀಸೆಲ್. ಒಂದನ್ನು ತೆಗೆದರೆ ಇನ್ನೊಂದೂ ಹೋಗುತ್ತದೆ, ಅದು ನಿಮ್ಮ ಅದೃಷ್ಟ.

ಬಿಸಿ ಇರುವ ಗ್ಯಾರೇಜಿಗೆ ಟ್ರ್ಯಾಕ್ಟರ್ ಒಯ್ಯಲು ಆಗುತ್ತದಾ ನೋಡಿ. ಒಂದು ರಾತ್ರಿ ಅಲ್ಲಿ ನಿಂತರೆ ಹರಳು ಕರಗಿ ಡೀಸೆಲ್ ತಿಳಿಯಾಗುತ್ತದೆ, ಅಡಿಟಿವ್ ಕೂಡ ಬೆರೆಯುತ್ತದೆ. ಆಮೇಲೆ ಕೈಪಂಪಿನಿಂದ ಹಳದಿ ಕ್ಯಾನ್‌ಗಳಿಗೆ ಎಳೆಯಿರಿ. ಇಲ್ಲಿ ಕೆಂಪು ಪೆಟ್ರೋಲಿಗೆ, ನೀಲಿ ಸೀಮೆಎಣ್ಣೆಗೆ, ಹಳದಿ ಡೀಸೆಲ್‌ಗೆ. ಬಣ್ಣ ತಪ್ಪಿಸಬೇಡಿ, ಮುಂದೆ ಮನೆಯಲ್ಲಿ ಯಾರೋ ಅದನ್ನು ಹುಲ್ಲಿನ ಮಷೀನಿಗೆ ಸುರಿಯುತ್ತಾರೆ. ನಮ್ಮೂರ ಕಡೆಯ ಹಾಗೆ ಪೈಪು ಬಾಯಲ್ಲಿಟ್ಟು ಎಳೆಯುವುದು ಖಂಡಿತ ಬೇಡ, ಡೀಸೆಲ್ ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆಯೇ ಗತಿ. ಉರಿಯ ಹೀಟರ್ ಹತ್ತಿರ ಮಾಡಬೇಡಿ, ಬಾಗಿಲು ತೆಗೆದಿಡಿ. ಆರು ಗ್ಯಾಲನ್ ತೆಗೆದು ಎರಡು ಬಿಟ್ಟರೂ ನಡೆಯುತ್ತದೆ, ಇನ್ನೂ ಹೆಚ್ಚು ಬಂದರೆ ಒಳ್ಳೆಯದು.

ಜಾಗ ತುಂಬಲು ಬಂಕಿನಿಂದ ಚಳಿಗಾಲದ ಡೀಸೆಲ್ ತನ್ನಿ. ಸಾಧ್ಯವಿದ್ದರೆ ನಂಬರ್ 1 ಮತ್ತು ನಂಬರ್ 2 ಅರ್ಧರ್ಧ ಬೆರೆತದ್ದನ್ನೇ ಕೇಳಿ. ನಂಬರ್ 1 ಸೀಮೆಎಣ್ಣೆಯ ಹತ್ತಿರದ್ದು, ಮೈನಸ್ 40ರ ಸಮೀಪದವರೆಗೂ ಮಬ್ಬಾಗುವುದಿಲ್ಲ. ಕ್ಲೌಡ್ ಪಾಯಿಂಟನ್ನು ನಿಜವಾಗಿ ಕೆಳಗಿಳಿಸುವುದು ಇಂಥ ತೆಳು ಇಂಧನ, ಬಾಟಲಿಯಲ್ಲ. ಶಕ್ತಿ ಸ್ವಲ್ಪ ಕಡಿಮೆ, ಹಿಮ ತಳ್ಳುವಾಗ ಅಷ್ಟೇನೂ ಗೊತ್ತಾಗುವುದಿಲ್ಲ. ಎರಡು ಗ್ಯಾಲನ್ ಹಳೆಯದರ ಮೇಲೆ ಆರು ಗ್ಯಾಲನ್ ಹೊಸದು ಬಿದ್ದಾಗ ಅಡಿಟಿವ್ ಸರಿಯಾದ ಪ್ರಮಾಣದ ಮೂರು ಪಟ್ಟಿಗೆ ಇಳಿಯುತ್ತದೆ. ಕೊರೆಯುವ ಚಳಿಗೆ ಎರಡು ಪಟ್ಟು ಹಾಕಿ ಎಂದು ಎಷ್ಟೋ ಬಾಟಲಿಗಳ ಮೇಲೇ ಬರೆದಿರುತ್ತದೆ, ಹಾಗಾಗಿ ಇದು ದೂರದ ಮಾತಲ್ಲ. ಅರ್ಧ ಟ್ಯಾಂಕ್ ಓಡಿಸಿ ಮತ್ತೆ ತುಂಬಿಸಿದರೆ ಒಂದೂವರೆ ಪಟ್ಟು. ಮುಗಿಯಿತು. ಇನ್ನು ಮೇಲಿಂದ ಬೇರೆ ಕಂಪನಿಯ ಅಡಿಟಿವ್ ಸೇರಿಸಲು ಹೋಗಬೇಡಿ, ಎರಡು ಪಾಲಿಮರ್‌ಗಳು ಒಂದಕ್ಕೊಂದು ಹೊಂದದೆ ಕೆಲಸ ಕೆಡಿಸುವುದುಂಟು.

ತೆಗೆದ ಡೀಸೆಲ್ ಚೆಲ್ಲಬೇಡಿ. ಅದನ್ನು ಹಾಲಿಗೆ ಹಾಕುವ ಹೆಪ್ಪಿನ ಹಾಗೆ ಬಳಸಿ. ಐದು ಗ್ಯಾಲನ್ ಕ್ಯಾನ್ ತುಂಬಿಸಲು ಹೋಗುವಾಗ ಮೊದಲು ಇದರಲ್ಲಿ ಒಂದೂವರೆ ಲೀಟರ್ ಹಾಕಿಕೊಂಡು ಹೋಗಿ, ಮೇಲೆ ಬಂಕಿನ ಡೀಸೆಲ್ ತುಂಬಿಸಿದರೆ ಅಡಿಟಿವ್ ಸರಿಯಾಗಿ ಒಂದಕ್ಕೆ ನಾನೂರು ಆಗುತ್ತದೆ, ತುಂಬುವ ರಭಸಕ್ಕೆ ಚೆನ್ನಾಗಿ ಬೆರೆಯುತ್ತದೆ ಕೂಡ. ಆರು ಗ್ಯಾಲನ್‌ನಲ್ಲಿ ಹದಿನೈದು ಕ್ಯಾನ್ ಆಗುತ್ತದೆ. ಬೇಸಿಗೆಯ ಬಯೋಡೀಸೆಲ್ ಆ ಪ್ರಮಾಣದಲ್ಲಿ ಶೇ 2ಕ್ಕಿಂತ ಕಡಿಮೆ ಸೇರುವುದರಿಂದ ಅದರಿಂದ ತೊಂದರೆಯಿಲ್ಲ. ಕ್ಯಾನ್ ಮೇಲೆ ಮಾರ್ಕರ್‌ನಲ್ಲಿ ಏನೆಂದು ಬರೆದಿಡಿ.

ಫಿಲ್ಟರ್ ಈಗಲೇ ಬದಲಿಸಬೇಕಾಗಿಲ್ಲ. ಫಿಲ್ಟರ್ ಕೆಳಗಿನ ಬಟ್ಟಲಿನಲ್ಲಿ ನೀರು, ಕೊಳೆ ಇದ್ದರೆ ಹೊರಗೆ ಹರಿಸಿಬಿಡಿ, ಹೊಸ ಫಿಲ್ಟರ್ ಒಂದನ್ನು ಮನೆಯೊಳಗೆ ಇಟ್ಟುಕೊಳ್ಳಿ. ಓಡುತ್ತಿರುವಾಗ ರೇಸ್ ಕೊಟ್ಟರೂ ಎಳೆಯದೆ, ಉಸಿರುಗಟ್ಟಿ ನಿಲ್ಲುವಂತಾದರೆ ಅದು ಫಿಲ್ಟರ್ ಕಟ್ಟುತ್ತಿರುವ ಲಕ್ಷಣ. ಆಗ ಸೆಲ್ಫ್ ಮೇಲೆ ಸೆಲ್ಫ್ ಹೊಡೆಯಬೇಡಿ. ಫಿಲ್ಟರ್ ಬದಲಿಸಿ, ಏರ್ ತೆಗೆದು, ಆಮೇಲೆ ಸ್ಟಾರ್ಟ್ ಮಾಡಿ. ಗ್ಲೋ ಪ್ಲಗ್ (ಚಳಿಯಲ್ಲಿ ಸ್ಟಾರ್ಟ್ ಆಗಲೆಂದು ಸಿಲಿಂಡರ್ ಒಳಗೆ ಕಾಯುವ ಕಡ್ಡಿ) ಇರುವ ಎಂಜಿನ್‌ಗೆ ಈಥರ್ ಸ್ಪ್ರೇ ಹೊಡೆಯುವುದು ಯಾರೇ ಹೇಳಿದರೂ ಬೇಡ, ಪಿಸ್ಟನ್ನೇ ಒಡೆಯಬಹುದು. ಪೆಟ್ರೋಲ್ ಬೆರೆಸಿ ಎನ್ನುವ ಹಳಬರ ಸಲಹೆಯೂ ಇವತ್ತಿನ ಎಂಜಿನ್‌ಗಳಿಗೆ ಅಲ್ಲ. ಬೆಂಕಿಯ ಅಪಾಯ ಬೇರೆ.

ಬ್ಲಾಕ್ ಹೀಟರ್ ಇದೆ, ರಾತ್ರಿಯೆಲ್ಲ ಪ್ಲಗ್ ಹಾಕಿರುತ್ತೇನೆ ಎಂದೂ ಬರೆದಿದ್ದೀರಿ. ಅದು ಬಿಸಿ ಮಾಡುವುದು ಎಂಜಿನ್ನನ್ನು; ಟ್ಯಾಂಕು, ಪೈಪು, ಫಿಲ್ಟರ್ ಹೊರಗಿನ ಚಳಿಯಲ್ಲೇ ಇರುತ್ತವೆ. ಹಾಗಾಗಿ ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗಿ, ಪೈಪಿನಲ್ಲಿದ್ದಷ್ಟು ಡೀಸೆಲ್ ಮುಗಿದ ಮೇಲೆ ರಸ್ತೆ ಮಧ್ಯೆ ನಿಲ್ಲುವ ಟ್ರ್ಯಾಕ್ಟರ್‌ಗಳು ಬಹಳ.

ಉತ್ತರದ ಕೆಳಗೆ ಯಾರಾದರೂ ಲಡಾಖ್ ವಿಷಯ ಕೇಳಿಯೇ ಕೇಳುತ್ತೀರಿ. ಅಲ್ಲಿಗೆ ಇಂಡಿಯನ್ ಆಯಿಲ್ 2019ರ ನವೆಂಬರ್‌ನಲ್ಲಿ ಚಳಿಗಾಲದ ಡೀಸೆಲ್ ತಂದಿತು, ಪಾಣಿಪತ್ ರಿಫೈನರಿಯದ್ದು, ಪೋರ್ ಪಾಯಿಂಟ್ ಮೈನಸ್ 33. ಅದಕ್ಕೆ ಮೊದಲು ಸೀಮೆಎಣ್ಣೆ ಬೆರೆಸುವುದು, ಲಾರಿ ಟ್ಯಾಂಕಿನ ಕೆಳಗೆ ಬೆಂಕಿ ಹಚ್ಚುವುದು ನಡೆಯುತ್ತಿತ್ತು. ರಿಫೈನರಿಯಲ್ಲೇ ಮಾಡಿದ ಇಂಧನ ಯಾವ ಬಾಟಲಿಗಿಂತಲೂ ಮೇಲು ಎಂಬುದೇ ನನ್ನ ಅಭಿಪ್ರಾಯ. ಆದರೆ ಆ ಮೈನಸ್ 33 ಪೋರ್ ಪಾಯಿಂಟ್. ಅಲ್ಲಿಯವರೆಗೂ ಫಿಲ್ಟರ್ ದಾಟುತ್ತದೆ ಎಂದು ಅರ್ಥವಲ್ಲ.

ಹೊಸ ಡೀಸೆಲ್ ತುಂಬಿಸಿದ ಮೇಲೆ ಒಂದು ಕೆಲಸ ಮಾಡಿ. ಎರಡು ಗಾಜಿನ ಜಾಡಿಗಳಲ್ಲಿ, ಒಂದರಲ್ಲಿ ಟ್ಯಾಂಕಿನದು, ಇನ್ನೊಂದರಲ್ಲಿ ಹೋಲಿಸಿ ನೋಡಲು ಬಂಕಿನಿಂದ ತಂದ ಏನೂ ಹಾಕದ ಡೀಸೆಲ್ ತುಂಬಿ, ಮುಚ್ಚಿ, ರಾತ್ರಿ ಟ್ರ್ಯಾಕ್ಟರ್ ಪಕ್ಕದಲ್ಲೇ ಹೊರಗಿಡಿ. ಬೆಳಿಗ್ಗೆ ಟ್ಯಾಂಕಿನದು ಸ್ವಲ್ಪ ಮಬ್ಬಾಗಿದ್ದು ಜಾಡಿ ಓರೆ ಮಾಡಿದಾಗ ಸರಾಗ ಹರಿದರೆ ಚಿಂತೆಯಿಲ್ಲ. ತಳದಲ್ಲಿ ಬಿಳಿ ಗಸಿ ಕೂತಿದ್ದರೆ, ಪದರ ಬೇರೆಯಾಗಿದ್ದರೆ ಆ ದಿನ ಎಂಜಿನ್ ಮುಟ್ಟಬೇಡಿ, ಫೋಟೋ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.