ಉಗಾಂಡದ ಕಾಗದದ ಮಣಿ, ಕೊಡಗಿನ ಮಳೆ

ಪ್ರಶ್ನೆ: ನೆಂಟರೊಬ್ಬರು ಉಗಾಂಡದ ಹೆಣ್ಣುಮಕ್ಕಳು ಕೈಯಲ್ಲೇ ಮಾಡಿದ್ದೆಂದು ಹೇಳಿ ನನಗೊಂದು ಮಣಿಸರ ಕೊಟ್ಟಿದ್ದಾರೆ. ಮಣಿಗಳು ಕಾಗದದವಂತೆ, ನಂಬಲಾಗುತ್ತಿಲ್ಲ. ಮಗಳ ಮದುವೆಗೆ ಬರುವ ಗೆಳತಿಯರಿಗೆ ಕೊಡಲು ಇಂತಹವನ್ನೇ ತರಿಸಬೇಕೆಂದಿದ್ದೇನೆ. ‘ಫೇರ್ ಟ್ರೇಡ್’ (ನ್ಯಾಯಯುತ ವ್ಯಾಪಾರ) ಎಂಬ ಚೀಟಿ ಇದ್ದರೆ ಹಣ ಅವರ ಕೈ ಸೇರುತ್ತದೆಯೇ? ನಮ್ಮ ಮಳೆಗೆ ಇವು ಬಾಳಿಕೆ ಬರುತ್ತವೆಯೇ?
– ಓದುಗರು, ವಿರಾಜಪೇಟೆ

ಉತ್ತರ: ಕಾಗದದವೇ. ಒಂದು ಮಣಿಯನ್ನು ಬೆಳಕಿಗೆ ಹಿಡಿದು ತೂತಿನ ಅಂಚನ್ನು ನೋಡಿದರೆ ಸುರುಳಿ ಸುರುಳಿಯಾಗಿ ಪದರಗಳು ಕಾಣಿಸುತ್ತವೆ. ಬಣ್ಣದ ನಡುವೆ ಅರೆಬರೆ ಅಕ್ಷರವೊಂದು ಸಿಕ್ಕರೂ ಆಶ್ಚರ್ಯವಿಲ್ಲ. ಹಳೆಯ ಕ್ಯಾಲೆಂಡರ್, ಪತ್ರಿಕೆಗಳ ಹಾಳೆಯನ್ನು ಉದ್ದನೆಯ ತ್ರಿಕೋನಗಳಾಗಿ ಕತ್ತರಿಸಿ, ಅಗಲದ ತುದಿಯಿಂದ ಸೂಜಿಗೆ ಬಿಗಿಯಾಗಿ ಸುತ್ತಿ, ಚೂಪು ತುದಿಗೆ ಅಂಟು ಹಚ್ಚಿ, ಒಣಗಿದ ಮೇಲೆ ವಾರ್ನಿಷ್ ಲೇಪಿಸುತ್ತಾರೆ. ಹೊಟ್ಟೆ ಉಬ್ಬಿ ತುದಿ ಸಣ್ಣಗಾಗುವ ಆಕಾರ ಬರುವುದು ಆ ತ್ರಿಕೋನದಿಂದಲೇ.

ಚೀಟಿಯ ವಿಷಯ ಸ್ವಲ್ಪ ತೊಡಕಿನದು. ಕಾಫಿ, ಕೋಕೋ ಪೊಟ್ಟಣಗಳ ಮೇಲೆ ಕಾಣುವ ಫೇರ್‌ಟ್ರೇಡ್ ಮುದ್ರೆ ಮುಖ್ಯವಾಗಿ ಬೆಳೆಗಳಿಗೆ ಸಂಬಂಧಿಸಿದ್ದು. ಕರಕುಶಲ ವಸ್ತುಗಳಲ್ಲಿ ಹೆಚ್ಚಾಗಿ ಕಾಣುವುದು ವಿಶ್ವ ಫೇರ್ ಟ್ರೇಡ್ ಸಂಘಟನೆಯ ಗುರುತು. ಅದು ಒಂದೊಂದು ಸರವನ್ನೂ ಪರೀಕ್ಷಿಸಿ ಕೊಟ್ಟದ್ದಲ್ಲ, ಅದನ್ನು ಮಾಡಿಸಿ ಮಾರುವ ಸಂಸ್ಥೆ 10 ತತ್ತ್ವಗಳಂತೆ ನಡೆಯುತ್ತಿದೆಯೇ ಎಂದು ನೋಡಿ ಕೊಟ್ಟದ್ದು. ಅವುಗಳಲ್ಲಿ ನನಗೆ ಬಹಳ ಮುಖ್ಯವೆನಿಸುವುದು, ಕುಶಲಕರ್ಮಿಗಳು ಕೇಳಿದರೆ ಬೆಲೆಯ ಅರ್ಧದಷ್ಟನ್ನಾದರೂ ಮುಂಗಡವಾಗಿ ಕೊಡಬೇಕೆಂಬ ನಿಯಮ. ಗಿಡದಲ್ಲಿರುವ ಕಾಫಿಯ ಮೇಲೆ ಸಾಲ ತಂದು, ಕೊಯ್ಲಿನ ಹೊತ್ತಿಗೆ ವ್ಯಾಪಾರಿ ಹೇಳಿದ ಬೆಲೆಗೇ ಚೀಲ ಎತ್ತಿಕೊಟ್ಟ ಅನುಭವವಿರುವ ನಮ್ಮ ಜಿಲ್ಲೆಯವರಿಗೆ ಮುಂಗಡದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ತರಿಸುವ ಮೊದಲು ಮಾರುವವರನ್ನು ವಿಚಾರಿಸಿ: ಯಾವ ಊರಿನ ಗುಂಪು, ಒಂದು ಸರಕ್ಕೆ ಅವರಿಗೆ ಎಷ್ಟು, ಹಣ ಯಾವಾಗ ಕೊಡುತ್ತೀರಿ? ನಗುಮುಖದ ಫೋಟೊ ತೋರಿಸಿ ಬಡತನದ ಮಾತನ್ನಷ್ಟೇ ಆಡುವವರ ಬಳಿ ನಾನಾದರೆ ಕೊಳ್ಳುವುದಿಲ್ಲ. ‘ಕೈಯಲ್ಲಿ ಮಾಡಿದ್ದು’ ಎಂದರೇನೆಂದೂ ಕೇಳಿ. ಕೀನ್ಯಾ, ಟಾಂಜಾನಿಯಾಗಳ ಮಸಾಯಿ ಹೆಂಗಸರ ಸೊಗಸಾದ ಪೋಣಿಕೆ ಅವರದೇ ಕೈಚಳಕವಾದರೂ ಅದರ ಗಾಜಿನ ಸಣ್ಣ ಮಣಿಗಳು ಬಹುಮಟ್ಟಿಗೆ ಚೆಕ್ ದೇಶದಂತಹ ಕಡೆಯಿಂದ ಬರುತ್ತವೆ.

ಇನ್ನು ಮಳೆ. ವಾರ್ನಿಷ್ ಇದ್ದರೂ ತೂತಿನಿಂದ ನೀರು ಇಳಿದರೆ ಕಾಗದ ಉಬ್ಬುತ್ತದೆ. ಅರಗು ತುಂಬಿದ ಚಿನ್ನದ ಗುಂಡುಗಳ ಜೋಮಾಲೆಯನ್ನು ಬಿಸಿಯಿಂದ ದೂರವಿಡುವಂತೆ ಇದನ್ನು ನೀರಿನಿಂದ ದೂರವಿಡಿ. ಸ್ನಾನಕ್ಕೆ ಮೊದಲು ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ.

ಮದುವೆ ಮಳೆಗಾಲದ ಆಸುಪಾಸಿನಲ್ಲಿದ್ದರೆ ಕಾಗದದ ಬದಲು ಸುಟ್ಟ ಮಣ್ಣಿನ ಅಥವಾ ಗಾಜಿನ ಮಣಿಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು. ಕೀನ್ಯಾದ ನೈರೋಬಿಯ ಕಜೂರಿ ಕಾರ್ಖಾನೆ 1975ರಲ್ಲಿ ಸೂಸನ್ ವುಡ್ ಎಂಬವರು ಇಬ್ಬರು ಹೆಂಗಸರನ್ನು ಕೂಡಿಸಿಕೊಂಡು ತೆರೆದ ಸಣ್ಣ ಕಾರ್ಯಾಗಾರವಾಗಿ ಆರಂಭವಾಗಿ, ಇಂದಿಗೂ ಮಣ್ಣಿನ ಮಣಿಗಳನ್ನು ಕೈಯಲ್ಲೇ ರೂಪಿಸುತ್ತದೆ. ಘಾನಾದ ಕ್ರೋಬೊ ಜನರು ಒಡೆದ ಬಾಟಲಿಗಳ ಗಾಜನ್ನು ಪುಡಿಮಾಡಿ, ಅಚ್ಚಿಗೆ ತುಂಬಿ, ನಡುವೆ ಮರಗೆಣಸಿನ ಎಲೆಯ ತೊಟ್ಟನ್ನು ನಿಲ್ಲಿಸಿ ಕುಲುಮೆಗೆ ಇಡುತ್ತಾರೆ. ತೊಟ್ಟು ಉರಿದುಹೋದ ಜಾಗವೇ ದಾರ ಪೋಣಿಸುವ ತೂತು.