ಚೌಳು ಗದ್ದೆ: ಜಿಪ್ಸಂಗೆ ಮುಂಚೆ ಬಸಿಗಾಲುವೆ

ಪ್ರಶ್ನೆ: ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿ ನಮ್ಮ ಭತ್ತದ ಗದ್ದೆ ಇದೆ. ತಗ್ಗಿನ ಕಡೆಯ ಅರ್ಧ ಎಕರೆ ಚೌಳಾಗಿದೆ, ನಾಟಿ ಹಾಕಿದ ಪೈರು ಕಂದಿ ಸಾಯುತ್ತದೆ. ನಾಲ್ಕು ಮೂಟೆ ಜಿಪ್ಸಂ ಎರಚಿದರೂ ಪ್ರಯೋಜನ ಕಾಣಲಿಲ್ಲ. ಇನ್ನೆಷ್ಟು ಹಾಕಬೇಕು?
– ಓದುಗರು, ಮದ್ದೂರು ತಾಲ್ಲೂಕು

ಉತ್ತರ: ಸದ್ಯಕ್ಕೆ ಒಂದು ಮೂಟೆಯನ್ನೂ ಹಾಕಬೇಡಿ. ಚೌಳಿನಲ್ಲಿ ಎರಡು ಬಗೆ, ನಿಮ್ಮದು ಯಾವುದೆಂದು ಮೊದಲು ನೋಡಿ. ಬೇಸಿಗೆಯಲ್ಲಿ ಮಣ್ಣಿನ ಮೇಲೆ ಬರೀ ಬಿಳಿ ಉಪ್ಪು ಕೂತು, ಕೆಳಗಿನ ಮಣ್ಣು ಪುಡಿಪುಡಿಯಾಗಿದ್ದರೆ ಅದಕ್ಕೆ ಜಿಪ್ಸಂ ಬೇಕಿಲ್ಲ, ನೀರು ಕಟ್ಟಿ ಬಸಿದರೆ ಸಾಕು. ಮಣ್ಣು ಕಪ್ಪಗೆ ಎಣ್ಣೆ ಸವರಿದಂತಿದ್ದು, ನೆನೆದಾಗ ಅಂಟಿ, ಒಣಗಿದಾಗ ಕಲ್ಲಾಗಿ, ನಿಂತ ನೀರು ರಾಡಿಯಾಗಿಯೇ ಉಳಿದರೆ ಅದು ಕ್ಷಾರ. ಜಿಪ್ಸಂ ಬೇಕಾದದ್ದು ಇದಕ್ಕೆ. ಎಷ್ಟೋ ಗದ್ದೆಗಳಲ್ಲಿ ಎರಡೂ ಬೆರೆತಿರುತ್ತವೆ, ಹಾಗಾಗಿ ಪರೀಕ್ಷೆ ಮಾಡಿಸಲೇಬೇಕು. ಕೆಟ್ಟ ಭಾಗದ ಎಂಟು-ಹತ್ತು ಕಡೆ ಅರ್ಧ ಅಡಿ ಆಳದ ಮಣ್ಣು ತೆಗೆದು ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕೊಡಿ. ಬದು, ಮರದ ಬುಡ, ತಿಪ್ಪೆಯ ಜಾಗದ ಮಣ್ಣು ಸೇರಿಸಬೇಡಿ. ರಸಸಾರ (ಪಿಎಚ್) 8.5 ದಾಟಿ, ವಿನಿಮಯ ಸೋಡಿಯಂ (ಮಣ್ಣಿನ ಕಣಗಳಿಗೆ ಅಂಟಿದ ಸೋಡಿಯಂನ ಪಾಲು) ಶೇ. 15ಕ್ಕಿಂತ ಹೆಚ್ಚಿದ್ದರೆ ಕ್ಷಾರ ಖಚಿತ. ‘ಜಿಪ್ಸಂ ಬೇಡಿಕೆ’ಯನ್ನೂ, ಅಂದರೆ ಆ ಮಣ್ಣು ಸರಿಯಾಗಲು ಎಷ್ಟು ಜಿಪ್ಸಂ ಬೇಕೆಂಬುದನ್ನೂ, ವರದಿಯಲ್ಲಿ ಕೇಳಿ ಬರೆಸಿಕೊಳ್ಳಿ. ಭತ್ತಕ್ಕೆ ಅದರ ಅರ್ಧದಷ್ಟು ಸಾಕು.

ನಿಮ್ಮ ನಾಲ್ಕು ಮೂಟೆ ಕೆಲಸ ಮಾಡದಿರಲು ಪ್ರಮಾಣ ಕಡಿಮೆಯಾದದ್ದೊಂದೇ ಕಾರಣವಲ್ಲ. ಜಿಪ್ಸಂನ ಸುಣ್ಣದಂಶ ಮಣ್ಣಿಗಂಟಿದ ಸೋಡಿಯಂ ಅನ್ನು ಬಿಡಿಸುತ್ತದೆ, ಅಷ್ಟೆ. ಬಿಟ್ಟ ಸೋಡಿಯಂ ನೀರಿನ ಜೊತೆ ಗದ್ದೆಯಿಂದಾಚೆ ಹೋಗಬೇಕು. ದಾರಿ ಇಲ್ಲದಿದ್ದರೆ ನೀರು ಆರಿದಂತೆ ಅದೇ ಉಪ್ಪು ಮೇಲೇರಿ ಬರುತ್ತದೆ. ಆದ್ದರಿಂದ ತಗ್ಗಿನ ಬದುವಿನ ಪಕ್ಕ ಮೂರು ಅಡಿ ಆಳದ ಬಸಿಗಾಲುವೆ ತೆಗೆದು ಹಳ್ಳಕ್ಕೆ ಸೇರಿಸಿ. ಮೇಲಿನ ಕಬ್ಬಿನ ಗದ್ದೆಯಿಂದ ಜಿನುಗು ನೀರು ಬರುತ್ತಿದ್ದರೆ ಆ ಕಡೆಗೂ ಒಂದು ಬೇಕು. ನೆರೆಯವರ ಜಮೀನು ದಾಟಿಸಬೇಕಾದರೆ ಮೊದಲೇ ಕೂತು ಮಾತಾಡಿ, ಈ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ.

ನಾಲೆಗೆ ನೀರು ಬಿಟ್ಟ ಮೇಲೆ ಗದ್ದೆ ಸಮ ಮಾಡಿ, ಪುಡಿ ಜಿಪ್ಸಂ ಎರಚಿ, ಮೇಲಿನ ನಾಲ್ಕು ಅಂಗುಲದಲ್ಲಿ ಮಾತ್ರ ಬೆರೆಸಿ. ಆಳಕ್ಕೆ ಉತ್ತರೆ ಚದುರಿ ಬಲ ಕಳೆದುಕೊಳ್ಳುತ್ತದೆ. ಹತ್ತು-ಹನ್ನೆರಡು ದಿನ ನೀರು ನಿಲ್ಲಿಸಿ, ಪೂರ್ತಿ ಬಸಿದು, ಹೊಸ ನೀರು ಕಟ್ಟಿ ನಾಟಿ ಮಾಡಿ. ಒಟ್ಲಿನ (ಸಸಿಮಡಿಯ) ಪೈರು 30 ದಿನ ದಾಟಿರಲಿ, ಗುಣಿಗೆ ಮೂರು-ನಾಲ್ಕು ಪೈರು ಇಡಿ. ಎಕರೆಗೆ 10 ಕಿಲೋ ಸತುವಿನ ಸಲ್ಫೇಟ್ ಕೊಡಿ, ಆದರೆ ರಂಜಕದ ಗೊಬ್ಬರದ ಜೊತೆ ಬೆರೆಸಬೇಡಿ. ಮುಂದಿನ ಮೇ ತಿಂಗಳ ಮಳೆಗೆ ಹಸಿರೆಲೆ ಗೊಬ್ಬರದ ಗಿಡ ಡಯಾಂಚ ಬಿತ್ತಿ, 45 ದಿನಕ್ಕೆ, ಹೂ ಬರುವ ಮುಂಚೆ ಮಣ್ಣಿಗೆ ಸೇರಿಸಿ. ಚೌಳು ತಡೆಯುವ ತಳಿ ಬಗ್ಗೆ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ. ಕೊಳವೆಬಾವಿ ನೀರನ್ನೂ ಹಾಯಿಸುತ್ತಿದ್ದರೆ ಅದನ್ನೂ ಪರೀಕ್ಷೆಗೆ ಕೊಡಿ.

ಪ್ರಶ್ನೆ: ಕೂಳೆ ಕಬ್ಬಿನ (ಕಟಾವಾದ ಬುಡದಿಂದ ಮತ್ತೆ ಚಿಗುರುವ ಕಬ್ಬು) ತರಗು ಸುಡದೆ ಬಿಟ್ಟರೆ ಕೊಳೆಯುವುದೇ?
– ಓದುಗರು, ಪಾಂಡವಪುರ

ಉತ್ತರ: ಕೊಳೆಯುತ್ತದೆ. ಸಾಲು ಬಿಟ್ಟು ಸಾಲಿಗೆ ಹರಡಿ, ಒಂದು ಟನ್ ತರಗಿಗೆ 8 ಕಿಲೋ ಯೂರಿಯಾ, 10 ಕಿಲೋ ಸೂಪರ್ ಫಾಸ್ಫೇಟ್ ಎರಚಿ ನೀರು ಕೊಡಿ. ಯೂರಿಯಾ ಇಲ್ಲದಿದ್ದರೆ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಕೂಳೆ ಹಳದಿಯಾಗುತ್ತದೆ. ನೀರು ನಿಲ್ಲುವ ಜಾಗದಲ್ಲಿ ಹರಡಬೇಡಿ, ಮೊಳಕೆ ಕೊಳೆಯುತ್ತದೆ.