ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳುವ ಮೊದಲು ಆ ಮಾಡೆಲ್‌ನ ತೊಂದರೆಗಳನ್ನು ತಿಳಿಯೋದು ಹೇಗೆ?

ಹತ್ತು ವರ್ಷ ಹಳೆಯ, 40,000 ಕಿಲೋಮೀಟರ್ ಓಡಿದ ಬೈಕ್ ನೋಡಿದ್ದೀರಿ. ಅದನ್ನು ನಂಬಿ ಕೊಳ್ಳಬಹುದಾ ಅಂತ ಕೇಳಿದ್ದೀರಿ. ಇದರಲ್ಲಿ ಎರಡು ಪ್ರಶ್ನೆ ಇದೆ. ಆ ಮಾಡೆಲ್‌ಗೆ ಹುಟ್ಟಿನಿಂದಲೇ ಇರುವ ತೊಂದರೆ ಯಾವುದು? ನಿಮ್ಮ ಮುಂದೆ ನಿಂತಿರುವ ಗಾಡಿಯನ್ನು ಓನರ್ ಹೇಗೆ ಇಟ್ಟುಕೊಂಡಿದ್ದಾರೆ? ಮೊದಲನೆಯದಕ್ಕೆ ಉತ್ತರ ಓದಿ ತಿಳಿಯಬಹುದು. ಎರಡನೆಯದಕ್ಕೆ ಗಾಡಿಯ ಪಕ್ಕ ಮಂಡಿಯೂರಿ ಕೂರಲೇಬೇಕು.

ಓದುವಾಗ ದೂರುಗಳನ್ನು ಎಣಿಸಲು ಹೋಗಬೇಡಿ. ಜಾಸ್ತಿ ಮಾರಾಟವಾದ ಗಾಡಿಗೆ ದೂರೂ ಜಾಸ್ತಿ ಬರುತ್ತದೆ. ಬ್ಯಾಟರಿ ಹೋಯಿತು, ಕ್ಲಚ್ ಪ್ಲೇಟ್ ಸವೆಯಿತು ಅನ್ನುವುದು ಯಾವ ಬೈಕಿಗೂ ತಪ್ಪಿದ್ದಲ್ಲ. ಒಬ್ಬರಿಗೊಬ್ಬರು ಗೊತ್ತೇ ಇಲ್ಲದ ಓನರ್‌ಗಳು ಒಂದೇ ಪಾರ್ಟ್ ಹೆಸರು ಹೇಳುತ್ತಿದ್ದರೆ, ಅದೂ ಹೆಚ್ಚೂಕಡಿಮೆ ಅಷ್ಟೇ ಕಿಲೋಮೀಟರ್‌ಗೆ ಹೋಯಿತು ಅನ್ನುತ್ತಿದ್ದರೆ, ಅದನ್ನು ಬರೆದಿಟ್ಟುಕೊಳ್ಳಿ.

ಕವಾಸಾಕಿ ಕೆಎಲ್‌ಆರ್ 650 ನೋಡಿ. ಗಟ್ಟಿ ಗಾಡಿ ಅಂತಲೇ ಅದಕ್ಕೆ ಹೆಸರು. ಆದರೆ 1987ರಲ್ಲಿ ಬಂದ ಮೊದಲ ತಲೆಮಾರಿನ ಗಾಡಿಗಳಲ್ಲಿ ಬ್ಯಾಲೆನ್ಸರ್ (ಇಂಜಿನ್ ನಡುಕ ತಗ್ಗಿಸುವ ಭಾಗ) ಚೈನನ್ನು ಬಿಗಿಯಾಗಿ ಹಿಡಿಯುವ ಒಂದು ಪುಟ್ಟ ಲಿವರ್ ಇದೆ. ಅದು, ಇಲ್ಲವೇ ಅದರ ಸ್ಪ್ರಿಂಗ್, ಮುರಿಯುತ್ತದೆ. ಮುರಿದ ತುಂಡು ಒಳಗೇ ಸಿಕ್ಕಿಕೊಂಡರೆ ಇಂಜಿನ್ನೇ ಹಾಳಾಗಬಹುದು. ಬೇರೆ ಕಡೆ ತಯಾರಾಗುವ ಗಟ್ಟಿ ಲಿವರ್ ಹಾಕಿಸಿದ್ದರೆ ಆ ಚಿಂತೆ ಬಹುಪಾಲು ಮುಗಿಯಿತು. ಹಾಗಾಗಿ ಆ ಬೈಕ್ ಕೊಳ್ಳುವವರು "ಗಾಡಿ ಚೆನ್ನಾಗಿದೆಯಾ?" ಅಂತ ಕೇಳಿದರೆ ಏನೂ ಸಿಗುವುದಿಲ್ಲ. "ಆ ಲಿವರ್ ಬದಲಾಯಿಸಿದ್ದೀರಾ? ಬಿಲ್ ಇದೆಯಾ?" ಅಂತ ಕೇಳಬೇಕು. ನಿಮ್ಮ ಗಾಡಿಗೂ ಇಂಥ ಒಂದು ಪ್ರಶ್ನೆ ಹುಡುಕಿಕೊಳ್ಳಿ.

ತಯಾರಾದ ವರ್ಷವನ್ನೂ ಬಿಡಬೇಡಿ. 1983ರ ಹೋಂಡಾ ವಿಎಫ್ 750ಯಲ್ಲಿ ಕ್ಯಾಮ್‌ಗಳು, ಅಂದರೆ ಇಂಜಿನ್ನಿನ ವಾಲ್ವ್ ತೆರೆಯುವ ಭಾಗಗಳು, ಬೇಗ ಸವೆದು ದೊಡ್ಡ ತಲೆನೋವಾಗಿತ್ತು. 1986ರ ಹೊತ್ತಿಗೆ ಬಂದ ವಿಎಫ್‌ಆರ್ 750ಯಲ್ಲಿ ಕ್ಯಾಮ್ ತಿರುಗಿಸುವುದಕ್ಕೆ ಚೈನ್ ಬದಲು ಗಿಯರ್ ಕೊಟ್ಟರು. ಅದು ಬಾಳಿಕೆಗೆ ಹೆಸರಾಯಿತು. ಹೆಸರಲ್ಲಿ ಒಂದೇ ಅಕ್ಷರದ ವ್ಯತ್ಯಾಸ, ಒಳಗೆ ಬೇರೆಯದೇ ಇಂಜಿನ್.

ಜನ ಅಷ್ಟಾಗಿ ನೋಡದ ಒಂದು ಜಾಗ ಪಾರ್ಟ್ಸ್ ಕ್ಯಾಟಲಾಗ್. ಒಂದು ಪಾರ್ಟಿನ ಹಳೆ ನಂಬರ್ ತೆಗೆದು ಹೊಸ ನಂಬರ್ ಕೊಟ್ಟಿದ್ದರೆ ಕಂಪನಿ ಅದನ್ನು ತಿದ್ದಿರಬಹುದು. ಬೇರೆ ಕಾರಣಕ್ಕೂ ನಂಬರ್ ಬದಲಾಗುತ್ತದೆ, ಅದೊಂದನ್ನೇ ನಂಬಬೇಡಿ. ಆದರೆ ಓನರ್‌ಗಳು ದೂರುತ್ತಿರುವ ಪಾರ್ಟೂ ಅದೇ ಆಗಿದ್ದರೆ ಅನುಮಾನ ಬೇಡ. ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಟ್ಯಾಪೆಟ್ ಚೆಕ್ (ವಾಲ್ವ್ ಸಂದು ಸರಿಯಿದೆಯಾ ಅಂತ ನೋಡುವುದು) ಎಷ್ಟು ಕಿಲೋಮೀಟರ್‌ಗೆ ಅಂತಲೂ ನೋಡಿ. ಕೆಲವು ಗಾಡಿಗಳಲ್ಲಿ ಅದಕ್ಕೆ ಟ್ಯಾಂಕ್ ಇಳಿಸಬೇಕು. ಹಾಗಾಗಿ ಎಷ್ಟೋ ಜನ ಅದನ್ನು ಮುಂದೂಡುತ್ತಲೇ ಇರುತ್ತಾರೆ. 40,000 ಓಡಿದ ಗಾಡಿಯಲ್ಲಿ ಆ ಕೆಲಸ ಆಗಿದೆಯಾ ಅಂತ ಕೇಳಲೇಬೇಕು.

ಇನ್ನು ಗಾಡಿ ನೋಡಲು ಹೋಗುವಾಗ. ಇಂಜಿನ್ ತಣ್ಣಗಿರಬೇಕು, ಇದೊಂದನ್ನು ಮಾತ್ರ ಬಿಟ್ಟುಕೊಡಬೇಡಿ. ನನ್ನ ಮೊದಲ ಸೆಕೆಂಡ್ ಹ್ಯಾಂಡ್ ಬೈಕ್ ನೋಡಲು ಹೋದಾಗ ಮಾರುವವರು ಆಗಲೇ ಸ್ಟಾರ್ಟ್ ಮಾಡಿ ಇಟ್ಟಿದ್ದರು. ಸದ್ದು ನುಣ್ಣಗಿತ್ತು, ತಂದುಬಿಟ್ಟೆ. ಮರುದಿನ ಬೆಳಿಗ್ಗೆ ಸೆಲ್ಫ್ ಒತ್ತಿದ ಕೂಡಲೇ ಇಂಜಿನ್ನಿನ ಎಡಗಡೆಯಿಂದ ಕಟಕಟ ಅಂತ ಸದ್ದು, ಡಬ್ಬಿಯಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ. ಎರಡು ನಿಮಿಷಕ್ಕೆ ಆ ಸದ್ದು ನಿಂತುಹೋಯಿತು. ಕ್ಯಾಮ್ ತಿರುಗಿಸುವ ಟೈಮಿಂಗ್ ಚೈನ್ ಸವೆದು ಉದ್ದವಾಗಿತ್ತು, ಅದನ್ನು ಬಿಗಿಯಾಗಿಡುವ ಟೆನ್ಷನರ್ ಕೊನೆಯ ಹಲ್ಲಿಗೆ ಬಂದು ನಿಂತಿತ್ತು. ಇಂಜಿನ್ ಬಿಸಿಯಾದ ಮೇಲೆ ಅದು ಕಿವಿಗೆ ಬೀಳುತ್ತಲೇ ಇರಲಿಲ್ಲ. ಅವತ್ತಿನಿಂದ ಹೋದ ತಕ್ಷಣ ಇಂಜಿನ್ ಹತ್ತಿರ ಅಂಗೈ ಹಿಡಿಯುತ್ತೇನೆ. ಬಿಸಿ ತಾಗಿದರೆ ಇನ್ನೊಂದು ದಿನ ಬರುತ್ತೇನೆ ಅಂತ ಹೇಳಿ ವಾಪಸ್ ಬರುತ್ತೇನೆ.

ಸ್ಟಾರ್ಟ್ ಮಾಡುವಾಗ ನೀವು ಸೈಲೆನ್ಸರ್ ಹಿಂದೆ ನಿಂತಿರಿ. ಮೊದಲ ಕ್ಷಣ ನೀಲಿ ಹೊಗೆ ಬಂದು ನಿಂತರೆ ಸಾಮಾನ್ಯವಾಗಿ ವಾಲ್ವ್ ಸೀಲ್ ಸವೆದಿರುತ್ತದೆ. ರೈಸ್ ಮಾಡಿದಾಗಲೆಲ್ಲ ಬರುತ್ತಿದ್ದರೆ ಪಿಸ್ಟನ್ ರಿಂಗ್ ಅಥವಾ ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರ್‌ನ ಒಳಗೋಡೆ) ಮೇಲೆ ಅನುಮಾನ ಪಡಬೇಕು. ಅದು ದೊಡ್ಡ ಕೆಲಸ. ತಣ್ಣಗಿನ ಬೆಳಿಗ್ಗೆ ತೆಳು ಬಿಳಿ ಆವಿ ಬಂದರೆ ಹೆದರಬೇಡಿ.

ಒಂದು ಮಲ್ಟಿಮೀಟರ್ ಜೊತೆಗಿರಲಿ. ಇಂಜಿನ್ ಓಡುವಾಗ, ಸ್ವಲ್ಪ ರೈಸ್ ಕೊಟ್ಟಾಗ, ಬ್ಯಾಟರಿಯಲ್ಲಿ ಸುಮಾರು 13.5ರಿಂದ 14.5 ವೋಲ್ಟ್ ತೋರಿಸಬೇಕು. ಕಡಿಮೆ ಇದ್ದರೆ ಚಾರ್ಜಿಂಗ್ ಸರಿಯಿಲ್ಲ. 15 ದಾಟಿದರೆ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್-ರೆಕ್ಟಿಫೈಯರ್ ಕೆಟ್ಟಿರುವ ಸಾಧ್ಯತೆಯೇ ಹೆಚ್ಚು. ಹಿಂದಿನ ಸ್ಪ್ರಾಕೆಟ್‌ನ ತೀರಾ ಹಿಂಭಾಗದಲ್ಲಿ ಚೈನನ್ನು ಹಿಂದಕ್ಕೆ ಎಳೆಯಿರಿ. ಹಲ್ಲು ಅರ್ಧದಷ್ಟು ಕಂಡರೆ ಚೈನ್ ಮುಗಿದಿದೆ. ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲ್ ನಿಧಾನ ತಿರುಗಿಸಿ. ನಡುವಲ್ಲಿ ತಡೆದ ಹಾಗಾದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್) ಹೋಗಿದೆ. ಇವೆಲ್ಲ ಸಣ್ಣ ರಿಪೇರಿ. ಬೆಲೆ ಇಳಿಸಲು ಕೇಳಿ, ಇಷ್ಟಕ್ಕೇ ಗಾಡಿ ಬಿಡಬೇಕಾಗಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ಮಾಡೆಲ್ ಹೆಸರು, ತಯಾರಾದ ವರ್ಷ ಇಲ್ಲ. ಕೆಳಗೆ ಬರೆಯಿರಿ, ಯಾವ ಪಾರ್ಟ್ ಬಗ್ಗೆ ಕೇಳಬೇಕು ಅಂತ ಒಟ್ಟಿಗೆ ಹುಡುಕೋಣ. ಅಷ್ಟರಲ್ಲಿ ಓನರ್ ಹತ್ತಿರ ಚಾಸಿ ನಂಬರ್ ಕೇಳಿಕೊಂಡು, ಆ ಗಾಡಿಗೆ ರೀಕಾಲ್ (ದೋಷ ಸರಿಪಡಿಸಲು ಕಂಪನಿ ಗಾಡಿ ವಾಪಸ್ ಕರೆಸುವುದು) ಏನಾದರೂ ಬಾಕಿ ಇದೆಯಾ ಅಂತ ಕಂಪನಿಯಲ್ಲಿ ವಿಚಾರಿಸಿಟ್ಟಿರಿ.